ವಕೀಲರ ಪ್ರೋಟೀನು, ವೈನಿಯ ಕಾಲು

ಮೊದಲೇ ಹೇಳಿಬಿಡುತ್ತೇನೆ. ರಕ್ತ ತಪಾಸಣೆ ಆಗಬೇಕಾಗಿದ್ದದ್ದು ಗೋಪಿಕಾಬಾಯಿ ವೈನಿಯವರಿಗೆ. ಅವರ ಗಂಡ, ವಕೀಲ ಪ್ರಾಣೇಶರಾಯರು, ಜೊತೆಗೆ ಹೋಗಿದ್ದು ಜೋಡಿ ಪ್ಯಾಕೇಜಿನಲ್ಲಿ ಎರಡನೆಯವರಿಗೆ ಅರ್ಧ ದರ ಎಂಬ ಆಸೆಗೆ. ಆದರೆ ಸವಣೂರಿನಲ್ಲಿ ಇವತ್ತು ಯಾರನ್ನು ಕೇಳಿದರೂ 'ವಕೀಲರ ಪ್ರೋಟೀನಿನ ಪ್ರಕರಣ' ಅನ್ನುತ್ತಾರೆ, ವೈನಿಯ ಹೆಸರನ್ನು ಒಬ್ಬರೂ ಎತ್ತುವುದಿಲ್ಲ. ಅದಕ್ಕೇ ನನಗೆ ಹೊಟ್ಟೆ ಉರಿಯುತ್ತದೆ, ಅದಕ್ಕೇ ಹೇಳುತ್ತಿದ್ದೇನೆ.

ನಾನು ಸುಧಾರಾಣಿ. ನನ್ನ ಗಂಡ ಮಾಲತೇಶ ವೀಳ್ಯದೆಲೆ ವ್ಯಾಪಾರಿ. ನಮ್ಮ ಹಿತ್ತಲಿಗೂ ರಾಯರ ಹಿತ್ತಲಿಗೂ ನಡುವೆ ಎದೆಮಟ್ಟದ ಒಂದು ಗೋಡೆ. ಅವರು ವೈಷ್ಣವರು, ನಾವು ಲಿಂಗ ಕಟ್ಟಿಕೊಂಡವರು. ನಂಟಿಲ್ಲದಿದ್ದರೂ ಗೋಪಿಕಾಬಾಯಿಯವರನ್ನು ನಾನು ಕರೆಯುವುದು ವೈನಿ, ಅಂದರೆ ಅತ್ತಿಗೆ, ಎಂದೇ. ಅವರ ಮಡಿಯ ಅಡಿಗೆಮನೆಗೆ ನಾನು ಕಾಲಿಡುವಂತಿಲ್ಲ, ಇಡುವ ಚಟವೂ ನನಗಿಲ್ಲ. ಆದರೆ ಆ ಗೋಡೆಯ ಮೇಲಿಂದ ಆ ಕಡೆಯ ಹುಳಿ ಈ ಕಡೆಗೆ, ಈ ಕಡೆಯ ಎಲೆ ಆ ಕಡೆಗೆ ದಾಟುವುದಕ್ಕೆ ಯಾವ ಶಾಸ್ತ್ರವೂ ಅಡ್ಡ ಬಂದಿಲ್ಲ.

ಈ ಬೇಸಿಗೆ ಶುರುವಾಗುವ ಹೊತ್ತಿಗೆ ಒಂದು ಮುಂಜಾನೆ ವೈನಿ ಬಟ್ಟೆ ಒಗೆಯುವ ಕಲ್ಲಿನ ಮೇಲೆ ಕೂತು ಕಾಲುಂಗುರದ ಸುತ್ತ ಎಣ್ಣೆ ಸವರುತ್ತಿದ್ದರು. ಉಂಗುರ ಬೆರಳಿನ ಮಾಂಸದಲ್ಲಿ ಹೂತುಹೋಗಿತ್ತು. ಪಾದ ಉಬ್ಬಿ ಗೆಣ್ಣು ಕಾಣುತ್ತಿರಲಿಲ್ಲ. ಮುಖವೂ ಕಣ್ಣಿನ ಕೆಳಗೆ ಊದಿತ್ತು.

"ಅಯ್ಯ ವೈನಿ, ಏನ್ರಿ ಇದು ಕಾಲು?" ಅಂದೆ.

"ಏನಿಲ್ಲ ಸುಧಾ. ನಿಂತು ನಿಂತು ಅಡಿಗಿ ಮಾಡ್ತೇನಲ್ಲ, ನೀರು ಇಳದದ. ಲಗ್ನ ಆಗಿ ಈ ಹೊಸ್ತಿಲು ದಾಟಿದಾಗಿಂದ ನಿಂತೇ ಅವ, ಪಾಪ, ಅವೂ ಎಷ್ಟಂತ ತಾಳ್ತಾವ?" ಎಂದು ನಕ್ಕರು. ಕಾಲಿಗೆ ಹಾಕಿಕೊಂಡಿದ್ದದ್ದು ರಾಯರ ಹಳೆಯ ಚಪ್ಪಲಿ. ತಮ್ಮವು ಹಿಡಿಸುತ್ತಿರಲಿಲ್ಲವಂತೆ. ಅದೇ ಚಪ್ಪಲಿ ಮಠದಲ್ಲಿ ಕಳುವಾಯಿತೆಂದು ರಾಯರು ಹದಿನೈದು ದಿನದಿಂದ ಊರನ್ನೆಲ್ಲ ಬೈಯುತ್ತಿದ್ದರು. ಹೆಂಡತಿಯ ಕಾಲಿನಲ್ಲಿದ್ದ ಚಪ್ಪಲಿ ಆ ಮನುಷ್ಯನ ಕಣ್ಣಿಗೆ ಬಿದ್ದಿರಲಿಲ್ಲ.

ಮೂತ್ರ ಮಾಡಿದರೆ ಸೋಪಿನ ನೊರೆ ಬಂದ ಹಾಗೆ ಬರುತ್ತದೆಂದೂ ವೈನಿ ನಾಚಿಕೊಂಡು ಪಿಸುಮಾತಿನಲ್ಲಿ ಹೇಳಿದರು. ನಾನು ಡಾಕ್ಟರಲ್ಲ, ಆದರೆ ಇಂಥ ಕಾಲನ್ನು ಮೊದಲೇ ಕಂಡಿದ್ದೆ. ನಮ್ಮ ತವರು ಹಂಸಭಾವಿಯಲ್ಲಿ ದೊಡ್ಡಪ್ಪನಿಗೆ ಹೀಗೇ ಕಾಲು ಬಾತಿದ್ದವು. ಅವನು ಮುಂದಿನ ಸುಗ್ಗಿ ನೋಡಲಿಲ್ಲ. ಅವತ್ತು ಸಂಜೆಯೇ ರಾಯರ ಮುಂದೆ ನಿಂತು, "ವೈನಿಯವರ ರಕ್ತ ತಪಾಸ್ ಮಾಡಸ್ರಿ, ಬ್ಯಾಡ ಅನಬ್ಯಾಡ್ರಿ" ಅಂದೆ.

"ಮಾಡಸೋಣಲ್ಲ. ಲ್ಯಾಬಿನ್ಯಾಗ ಜೋಡಿ ಪ್ಯಾಕೇಜ್ ಅದ, ನನ್ನದೂ ಆಗಿಹೋಗ್ಲಿ" ಅಂದರು ರಾಯರು.

ಲ್ಯಾಬಿನ ದಿಲಾವರ ಫೋನಿನಲ್ಲಿ ಹೇಳಿದ್ದು ಇಷ್ಟೇ: "ಬೆಳಿಗ್ಗೆ ಖಾಲಿ ಹೊಟ್ಟೀಲೆ ಬರ್ರಿ ಸಾಹೇಬ್ರ, ನೀರು ಕುಡೀಬಹುದ್ರಿ." ರಾಯರ ಕಿವಿಗೆ ಮೊದಲ ಅರ್ಧ ಬಿತ್ತು, ಉಳಿದ ಅರ್ಧ ಬೀಳಲಿಲ್ಲ. "ನಮಗ ಉಪವಾಸ ಕಲಸ್ತೀಯೇನೋ ನೀ? ನಮ್ಮ ಮನಿತನದಾಗ ಏಕಾದಶಿಗೆ ಉಗುಳು ನುಂಗೂದಿಲ್ಲ" ಎಂದು ಗದರಿ, ದ್ವಾದಶಿಯ ಬೆಳಿಗ್ಗೆಯೇ ರಕ್ತ ಕೊಡುವುದೆಂದು ನಿಶ್ಚಯಿಸಿದರು. ಹೇಗೂ ಹಿಂದಿನ ದಿನ ಏಕಾದಶಿ, ಅವರದು ನಿರ್ಜಲ ಉಪವಾಸ. ಒಂದೇ ಉಪವಾಸದಲ್ಲಿ ದೇವರಿಗೂ ಸಂದಾಯ, ಲ್ಯಾಬಿಗೂ ಸಂದಾಯ. ಬಿಸಿಲು ಕಾದು ಹಂಚಾಗಿದ್ದ ಆ ದಿನ ಗಂಡ ಹೆಂಡತಿ ಇಬ್ಬರೂ ತೊಟ್ಟು ನೀರು ಮುಟ್ಟದೆ ಇದ್ದು, ಮರುದಿನ ಪಾರಣೆಗೂ ಮೊದಲು ಹೋಗಿ ತೋಳು ಚಾಚಿದರು.

ರಿಪೋರ್ಟು ಮಧ್ಯಾಹ್ನವೇ ಮೊಬೈಲಿಗೆ ಬಂತು. ಇಲ್ಲಿ ರಾಯರ ಒಂದು ದೊಡ್ಡಸ್ತಿಕೆ ಹೇಳಬೇಕು. ಮಠದ ಆರಾಧನಾ ಸಮಿತಿಗೆ ಹೊಸ ಅಧ್ಯಕ್ಷರನ್ನು ಆರಿಸುವ ಸಭೆ ಹತ್ತಿರ ಬಂದಿತ್ತು, ರಾಯರ ಹೆಸರು ಹೆಚ್ಚುಕಡಿಮೆ ಪಕ್ಕಾ ಆಗಿತ್ತು. ತಮ್ಮ ಶುದ್ಧ ರಕ್ತವನ್ನು ಎಲ್ಲರೂ ನೋಡಲಿ ಎಂದು ಅವರು ರಿಪೋರ್ಟನ್ನು ಓದದೆಯೇ ಸಮಿತಿಯ ವಾಟ್ಸಾಪ್ ಗುಂಪಿಗೆ ಹಾಕಿದರು. ಮೇಲೆ ಒಂದು ಸಾಲು ಬೇರೆ: 'ಅರವತ್ತು ದಾಟಿದರೂ ಏಕಾದಶಿಯ ಮಹಿಮೆ. ಯುವಕರು ಗಮನಿಸಬೇಕು.'

ಯುವಕರು ಗಮನಿಸಿದರು. ಸಮಿತಿಯ ಕಾರ್ಯದರ್ಶಿ ಕೌಸ್ತುಭ ಎಂಬ ಹುಡುಗ ಎಂಜಿನಿಯರು. ಅಧ್ಯಕ್ಷತೆಯ ಮೇಲೆ ಅವನಿಗೂ ಒಂದು ಕಣ್ಣಿತ್ತು. ಅವನು ಕೈಮುಗಿದ ಚಿತ್ರದೊಂದಿಗೆ ಬರೆದ: 'ರಾಯರೆ, ಟೋಟಲ್ ಪ್ರೋಟೀನ್ ಮುಂದೆ ಕೆಂಪಕ್ಷರ ಇದೆಯಲ್ಲ? 8.3ರ ಒಳಗೆ ಇರಬೇಕಿತ್ತು, 8.7 ಇದೆ.'

ಅಷ್ಟೇ ಸಾಕಾಯಿತು. ಬಸ್‌ಸ್ಟ್ಯಾಂಡಿನ ಹತ್ತಿರ ಹೊಸದಾಗಿ ತೆರೆದ ಜಿಮ್ಮಿನವರು ದೊಡ್ಡ ಬೋರ್ಡು ಹಾಕಿದ್ದಾರೆ, ಒಬ್ಬ ದಾಂಡಿಗ ಕೈಯಲ್ಲಿ ಮೊಟ್ಟೆ ಹಿಡಿದು ನಿಂತಿದ್ದಾನೆ, ಕೆಳಗೆ 'ಪ್ರೋಟೀನ್ ಅಂದರೆ ಇದು' ಎಂದು ಬರೆದಿದೆ. ಊರಿಗೆ ವಿಜ್ಞಾನ ಗೊತ್ತಿರುವುದು ಆ ಬೋರ್ಡಿನಷ್ಟು. ಮೊಟ್ಟೆ ತಿನ್ನದವನಿಗೆ ಪ್ರೋಟೀನ್ ಎಲ್ಲಿಂದ ಏರಬೇಕು? ಒಬ್ಬರು ಕೇಳಿದರು, ಇನ್ನೊಬ್ಬರು ಹುಬ್ಬು ಹಾರಿಸಿದರು, ಮೂರನೆಯವರು ರಾಯರನ್ನು ರಫೀಕನ ಎಗ್‌ರೈಸ್ ಗಾಡಿಯ ಹತ್ತಿರ ಕಣ್ಣಾರೆ ಕಂಡಿದ್ದೆ ಅಂದರು. ಕಂಡದ್ದು ಖರೆ. ರಾಯರು ಯಲವಿಗಿ ಸ್ಟೇಷನ್ನಿಗೆ ಹೋಗುವ ಬಸ್ಸು ಕಾಯುತ್ತ ಆ ಗಾಡಿಯ ನೆರಳಿನಲ್ಲಿ ನಿಂತಿದ್ದರು.

"ಎತ್ತು ಈದೈತಿ ಅಂದ್ರ ಕೊಟ್ಟಿಗ್ಯಾಗ ಕಟ್ಟು ಅನ್ನೋ ಊರವ್ವಾ ಇದು" ಎಂದು ನಮ್ಮ ಅತ್ತೆ ಸಿದ್ದವ್ವ ಎಲೆಗೆ ಸುಣ್ಣ ಹಚ್ಚುತ್ತ ಅಂದರು. ಆಮೇಲೆ ದನಿ ತಗ್ಗಿಸಿ ನನ್ನನ್ನೇ ಕೇಳಿದರು: "ಖರೇ ಹೇಳ, ತಿಂದಾರೇನ?"

ನಾನು ಓಡಿಹೋಗಿ ಕೇಳಿದ್ದು ಬೇರೆ: ವೈನಿಯ ರಿಪೋರ್ಟು ಎಲ್ಲಿ? ಲ್ಯಾಬಿನಿಂದ ತಂದ ಕಾಗದ ರಾಯರ ಮೇಜಿನ ಮೇಲೆ ಬಿದ್ದಿತ್ತು. ಅದರಲ್ಲಿಯೂ ಕೆಂಪಕ್ಷರ. ಅಲ್ಬುಮಿನ್ ಎಂಬ ಒಂದು ಬಗೆಯ ಪ್ರೋಟೀನಿನ ಮುಂದೆ 2.1, ಇರಬೇಕಾದದ್ದು ಮೂರೂವರೆಗಿಂತ ಮೇಲೆ.

"ವಕೀಲ್ರ, ವೈನೀದೂ ಕೆಂಪ ಐತಲ್ರಿ" ಅಂದೆ.

ರಾಯರು ಕನ್ನಡಕ ಏರಿಸಿ ನೋಡಿದರು. ನೋಡುತ್ತ ನೋಡುತ್ತ ಅವರ ಮುಖ ಅರಳಿತು. ಅಲ್ಲಿಯವರೆಗೆ ಸುಟ್ಟ ಬದನೆಕಾಯಿಯಂತಿದ್ದ ಮುಖ ಅದು.

"ಕಡಿಮಿ ಅದ! ಸುಧಾರಾಣಿ, ಇದು ಕಡಿಮಿ ಅದ! ಶುಗರ್ ಕಡಿಮಿ ಇದ್ರ ಛಲೋ, ಬಿ.ಪಿ. ಕಡಿಮಿ ಇದ್ರ ಛಲೋ, ಕೊಲೆಸ್ಟರಾಲ್ ಕಡಿಮಿ ಇದ್ರ ಛಲೋ. ಪ್ರೋಟೀನೂ ಹಂಗ. ಇಕಿದು ಸಾತ್ವಿಕ ರಕ್ತ. ನಮ್ಮದು ಒಂದ ಒಲಿ, ಒಂದ ಪಾತ್ರಿ, ಒಂದ ಸಾರು. ಇಕಿ ರಕ್ತದಾಗ ಇಲ್ಲದ ಪ್ರೋಟೀನು ನನ್ನ ರಕ್ತದಾಗ ಹೆಂಗ ಬರ್ತದ? ಮಷಿನ್ ತಪ್ಪದ! ಇದ ನನ್ನ ಸಾಕ್ಷಿ!"

"ಮತ್ತ ಕಾಲು ಯಾಕ ಬಾತಾವ್ರಿ?"

"ವಯಸ್ಸು" ಅಂದರು ರಾಯರು, ಎದ್ದು ಹೋದರು. ಮರುದಿನ ವೈನಿಯ ರಿಪೋರ್ಟಿಗೆ ಲ್ಯಾಮಿನೇಷನ್ ಮಾಡಿಸಿಕೊಂಡು ಬಂದರು.

ಅಲ್ಲಿಂದ ಆ ಲ್ಯಾಮಿನೇಷನ್ ಕಾಗದ ಊರೆಲ್ಲ ತಿರುಗಿತು. ಕೋರ್ಟಿನ ಕ್ಯಾಂಟೀನಿನಲ್ಲಿ, ಮಠದ ಕಟ್ಟೆಯ ಮೇಲೆ, ಹತ್ತಿಮತ್ತೂರಿನಿಂದ ಬಂದ ಕಕ್ಷಿದಾರರ ಮುಂದೆ. "ನೋಡ್ರಿ, ನನ್ನ ಮನೀದು. ಎರಡು ಪಾಯಿಂಟ್ ಒಂದು!" ನೋಡಿದವರೆಲ್ಲ, "ಭಾಳ ಛಲೋ ಅದ್ರಿ, ಪುಣ್ಯವಂತರು" ಅಂದರು. ಒಬ್ಬ ಕಕ್ಷಿದಾರ ಗುದ್ಲೆಪ್ಪನಂತೂ ಕಾಗದವನ್ನು ಕಣ್ಣಿಗೊತ್ತಿಕೊಂಡು ಕೊಟ್ಟ. ವೈನಿಯ ಜಡ್ಡನ್ನು ಊರು ತೀರ್ಥದ ಹಾಗೆ ಹಂಚಿಕೊಂಡಿತು, ನನಗೆ ಮೈಯೆಲ್ಲ ಬೆಂಕಿಯಾಯಿತು.

ಅಷ್ಟಕ್ಕೇ ಬಿಟ್ಟರೆ ವಕೀಲರು ಹೇಗಾದಾರು? ರಫೀಕನನ್ನು ಕರೆಸಿ ಛಾಪಾ ಕಾಗದದ ಮೇಲೆ ಅಫಿಡವಿಟ್ ಬರೆಸಿದರು: 'ಸದರಿ ಪ್ರಾಣೇಶರಾಯರು ನನ್ನ ಗಾಡಿಯಲ್ಲಿ ಎಂದೂ ಮೊಟ್ಟೆಯನ್ನಾಗಲಿ ಮೊಟ್ಟೆಯಿಂದಾದ ಪದಾರ್ಥವನ್ನಾಗಲಿ ಸೇವಿಸಿರುವುದಿಲ್ಲ.' ರಫೀಕ ಸಜ್ಜನ, ಸಹಿ ಮಾಡಿದ. ಮಾಡಿದ ಮೇಲೆ ತಲೆ ಕೆರೆದುಕೊಂಡು, "ಗಾಡ್ಯಾಗ ತಿಂದಿಲ್ಲ ಅನ್ನೂದು ಖರೇ ಐತ್ರಿ ಸಾಹೇಬ್ರ. ಆದ್ರ ಪಾರ್ಸಲ್ ಯಾರ್‍ಯಾರ ಮನೀಗೆ ಹೊಕ್ಕೈತಿ ಅನ್ನೂದು ನನಗ ಹೆಂಗ ಗೊತ್ತಾಗಬೇಕ್ರಿ?" ಅಂದ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡರಂತೆ. ಅಫಿಡವಿಟ್ ಆದ ದಿನದಿಂದ, ಅನುಮಾನ ಇಲ್ಲದವರಿಗೂ ಅನುಮಾನ ಬಂತು. ಸಮಿತಿಯ ಸಭೆಯನ್ನು ಕೌಸ್ತುಭ ಮುಂದಕ್ಕೆ ಹಾಕಿದ.

ರಾಯರು ಆಗ ಶಿಗ್ಗಾವಿಯ ಲ್ಯಾಬಿಗೆ ಮೇಲ್ಮನವಿ ಹೋದರು. ನಿಜವಾಗಿ ಅದೇ ಮಾತು ಆಡಿದರು: "ಕೆಳಗಿನ ಕೋರ್ಟು ತಪ್ಪು ನಿರ್ಣಯ ಕೊಟ್ಟದ, ಮ್ಯಾಲಿನ ಕೋರ್ಟಿಗೆ ಹೋಗ್ತೇನಿ." ಹೋಗುವ ಮೊದಲು ರಕ್ತದಿಂದ ಪ್ರೋಟೀನು ಇಳಿಸುವ ಏರ್ಪಾಡು ನಡೆಯಿತು. ಬೇಳೆಯಲ್ಲಿ ಅದು ಇದೆಯೆಂದು ಯಾರೋ ಹೇಳಿದರು, ತೊವ್ವೆ ಬಂದ್. ಹಾಲಿನಲ್ಲಿದೆ ಅಂದರು, ಹಾಲು ಮೊಸರು ಬಂದ್. ಹೆಸರುಕಾಳು ಬಂದ್, ಶೇಂಗಾ ಬಂದ್. ಒಂದೇ ಒಲೆಯ ಮನೆ, ಗಂಡನಿಗಿಲ್ಲದ್ದು ಹೆಂಡತಿಗೆಲ್ಲಿ? ವೈನಿ ಬರಿ ಅನ್ನಕ್ಕೆ ಹುಣಸೆಹಣ್ಣಿನ ಸಾರು ಕಲಸಿ ಉಂಡರು. ನಾನು ಗೋಡೆಯ ಮೇಲಿಂದ ಒಂದು ಲೋಟ ಹಾಲು ಚಾಚಿದರೆ, "ಬ್ಯಾಡ ಸುಧಾ, ಇವರ ಪರೀಕ್ಷೆ ಮುಗೀಲಿ. ನಾ ಒಬ್ಬಾಕಿ ಕುಡದ್ರ ಸರಿ ಅಲ್ಲ" ಅಂದರು.

ಶಿಗ್ಗಾವಿಗೆ ಹೋಗುವ ಹಿಂದಿನ ದಿನ ಏಕಾದಶಿ ಇರಲಿಲ್ಲ. ಆದರೂ ರಾಯರು ನೀರು ಸಹ ಮುಟ್ಟಲಿಲ್ಲ, ಎಲ್ಲಿಯಾದರೂ ಒಂದು ಹನಿ ಪ್ರೋಟೀನು ನೀರಿನ ಜೊತೆಗೆ ಒಳಗೆ ಹೋದರೆ? 8.8 ಬಂತು.

ಇಷ್ಟರಲ್ಲಿ ವೈನಿಗೆ ಮೆಟ್ಟಿಲು ಹತ್ತಿದರೆ ತೇಕು ಬರತೊಡಗಿತ್ತು. ಸೀರೆಯ ಗಂಟು ಹೊಟ್ಟೆಯ ಮೇಲೆ ಕೆತ್ತಿದ ಹಾಗೆ ಗುರುತು ಬಿಡುತ್ತಿತ್ತು. "ನಡೀರಿ, ನಾನ ಕರಕೊಂಡು ಹೊಕ್ಕೇನಿ ದವಾಖಾನಿಗೆ" ಎಂದು ಕೈ ಹಿಡಿದು ಎಳೆದೆ. ಅವರು ಕೈ ಬಿಡಿಸಿಕೊಂಡರು. "ಈಗ ನಾ ಹಾಸಿಗಿ ಹಿಡದ್ರ ಇವರ ಸಾಕ್ಷಿ ಕೆಡ್ತದ. ಅಧ್ಯಕ್ಷರಾಗ್ಲಿ, ಆಮ್ಯಾಲ ಬರ್ತೇನಿ." ನಾನು ಅವತ್ತು ಅವರನ್ನೂ ಬೈದೆ. ಗಂಡನ ಹುಚ್ಚಿಗೆ ಕಾಲು ಒತ್ತುವ ಹೆಂಡಂದಿರು ಇರುವವರೆಗೆ ಹುಚ್ಚು ಇಳಿಯುವುದಿಲ್ಲ ಅಂದೆ. ಅವರು ಅಳಲಿಲ್ಲ, ಸಿಟ್ಟಾಗಲಿಲ್ಲ, ಗೋಡೆಯ ಮೇಲೆ ಹುಳಿಯ ಬಟ್ಟಲು ಇಟ್ಟು ಒಳಗೆ ಹೋದರು. ಆ ಹುಳಿಯಲ್ಲಿ ಬೇಳೆ ಇರಲಿಲ್ಲ.

ಮುಂದಿನ ಏಕಾದಶಿ ಬಂತು. ಈ ಸಲ ಹಿರೇಕೆರೂರು. "ಸವಣೂರು ಶಿಗ್ಗಾವಿ ಎಲ್ಲಾ ಒಂದ ಮಣ್ಣು, ಮಾತು ಮುಟ್ಟಿರ್ತದ. ನನ್ನ ಹೆಸರು ಗೊತ್ತಿಲ್ಲದ ಊರಾಗ ನ್ಯಾಯ ಸಿಗ್ತದ" ಅಂದರು ರಾಯರು. ನಮ್ಮ ಕಾರು ಕೇಳಿದರು. ಮಾಲತೇಶ ಓಡಿಸಲು ಒಪ್ಪಿದ. ಹಂಸಭಾವಿಯ ತವರಿಗೆ ಹೋಗಿಬರುತ್ತೇನೆಂದು ನಾನೂ ಹತ್ತಿದೆ. ವೈನಿಯನ್ನು ರಾಯರೇ ಹೊರಡಿಸಿದ್ದರು, ಕಾಗದದ ಸಾಕ್ಷಿಯ ಜೊತೆಗೆ ಜೀವಂತ ಸಾಕ್ಷಿಯೂ ಇರಲಿ ಎಂದು.

ಹಿಂದಿನ ದಿನವೆಲ್ಲ ನಿರ್ಜಲ. ದ್ವಾದಶಿಯ ಬೆಳಿಗ್ಗೆ ಒಂದು ಉದ್ಧರಣೆ ತೀರ್ಥದಲ್ಲಿ ಪಾರಣೆ ಮುಗಿಸಿ ಕಾರು ಹತ್ತಿದರು. ವೈನಿಗೂ ಅಷ್ಟೇ ತೀರ್ಥ. ಕಾರಿನಲ್ಲಿ ನಾನು ನೀರಿನ ಬಾಟಲಿ ತೆರೆದರೆ ರಾಯರು ನನ್ನನ್ನು ಲಂಚ ಕೊಡುವವಳನ್ನು ನೋಡುವ ಹಾಗೆ ನೋಡಿದರು. ಹಿರೇಕೆರೂರಿನಲ್ಲಿ ರಕ್ತ ಕೊಟ್ಟರು. ಲ್ಯಾಬಿನವರು ಫೋನಿಗೆ ಕಳಿಸುತ್ತೇವೆ ಅಂದರು. ಇನ್ನೊಮ್ಮೆ ರಕ್ತ ಕೊಡಬೇಕಾದೀತೆಂದು ರಾಯರು ಆಮೇಲೂ ನೀರು ಮುಟ್ಟಲಿಲ್ಲ, ಅವರು ಮುಟ್ಟದ್ದನ್ನು ವೈನಿಯೂ ಮುಟ್ಟಲಿಲ್ಲ. ಹಂಸಭಾವಿಯಲ್ಲಿ ನಮ್ಮವ್ವ ಮಾಡಿದ ಊಟವನ್ನು ರಾಯರು ಮುಟ್ಟುವಂತಿರಲಿಲ್ಲ, ಬಾಳೆಹಣ್ಣು ಕೊಟ್ಟರೆ ಅದರಲ್ಲಿ ಪ್ರೋಟೀನ್ ಇದೆಯೇ ಎಂದು ಕೇಳಿದರು. ನಮ್ಮವ್ವ ನನ್ನ ಮುಖ ನೋಡಿದಳು.

ಹಾನಗಲ್ಲಿಗೆ ಬರುವಾಗ ನೆತ್ತಿ ಸುಡುವ ಬಿಸಿಲು. ಫೋನು ಟಣ್ ಅಂದಿತು. ರಾಯರು ನೋಡಿದರು. 9.1.

"ಗಾಡಿ ನಿಲ್ಲಸು!" ಎಂದು ಕೂಗಿ ರಸ್ತೆಯ ಮೇಲೆ ಇಳಿದು, ಲ್ಯಾಬಿನವರಿಗೆ ಫೋನು ಹಚ್ಚಿ ವಾದಕ್ಕೆ ನಿಂತರು. "ನಿಮ್ಮ ಮಷಿನಿಗೆ ಕ್ಯಾಲಿಬ್ರೇಷನ್ ಸರ್ಟಿಫಿಕೇಟ್ ಅದ ಏನು? ಗ್ರಾಹಕರ ನ್ಯಾಯಾಲಯಕ್ಕ ಎಳೀತೇನಿ..." ನ್ಯಾಯಾಲಯ ಎಂಬ ಶಬ್ದ ಪೂರ್ತಿ ಆಗುವ ಮೊದಲೇ ರಾಯರು ಧೊಪ್ಪನೆ ಬಿದ್ದರು.

ಮಾಲತೇಶ ಎತ್ತಿದ, ಹೋಟೆಲಿನವನೊಬ್ಬ ಕಾಲು ಹಿಡಿದ, ಎದುರಿಗೇ ಇದ್ದ ದವಾಖಾನೆಯೊಳಗೆ ಹಾಕಿದರು. ಡಾಕ್ಟರು ಸುಮೇಧಾ ಎಂಬ ಹೆಣ್ಣುಮಗಳು. ಹೊರಗೆ ಪಾಳಿ ಹಚ್ಚಿದ ಮಂದಿಯನ್ನು ಗದರುತ್ತಲೇ ಬಂದರು, ಬಾಯಿ ಬಿಡಿಸಿ ನಾಲಿಗೆ ನೋಡಿದರು, ಬೆರಳಿನಿಂದ ಚರ್ಮ ಎಳೆದು ಬಿಟ್ಟರು, ಸಲೈನ್ ಏರಿಸಿದರು. ಅರ್ಧ ಬಾಟಲಿ ಇಳಿಯುವಷ್ಟರಲ್ಲಿ ರಾಯರು ಕಣ್ಣು ಬಿಟ್ಟು ಪ್ರಕರಣದ ಹಿನ್ನೆಲೆ ವಿವರಿಸತೊಡಗಿದರು.

"ಸಾಕು, ಸಾಕ್ರಿ" ಅಂದರು ಡಾಕ್ಟರು. "ನೀರು ಯಾವಾಗ ಕುಡದೀರಿ, ಅಷ್ಟ ಹೇಳ್ರಿ."

"ಮೊನ್ನೆ ರಾತ್ರಿ. ನಿನ್ನೆ ಏಕಾದಶಿ. ಇವತ್ತ ತೀರ್ಥ."

"ಮೊದಲನೇ ಸಲಾನೂ ಹಿಂಗ?"

"ಪ್ರತೀ ಸಲ ಹಿಂದಿನಕಿಂತಾ ಕಡಕ್ ಮಾಡೇನಿ" ಅಂದರು ರಾಯರು ಹೆಮ್ಮೆಯಿಂದ.

ಡಾಕ್ಟರು ನಕ್ಕುಬಿಟ್ಟರು. "ಸಾರು ಒಲಿ ಮ್ಯಾಲ ಬತ್ತಿದ್ರ ಉಪ್ಪು ಹೆಚ್ಚಾಗ್ತದಲ್ರಿ? ಉಪ್ಪು ಹಾಕಿದ್ದು ಅಷ್ಟ ಇರ್ತದ, ನೀರು ಹೋಗಿರ್ತದ. ನಿಮ್ಮದೂ ಹಂಗ. ರಕ್ತದಾಗಿನ ಪ್ರೋಟೀನು ಮೊಟ್ಟಿ ತಿಂದ್ರ ಏರೂದಿಲ್ಲ, ಬ್ಯಾಳಿ ಬಿಟ್ರ ಇಳಿಯೂದಿಲ್ಲ. ಅದನ್ನ ಬಹಳಷ್ಟು ಲಿವರ್ ಮಾಡ್ತದ. ಬ್ಯಾರೆ ಜಡ್ಡಿಗೂ ಏರಬಹುದು, ಹಳೇ ಸೋಂಕು, ಎಲುಬಿನ ಮಜ್ಜೀದು ಏನರ ಇದ್ರ. ಹೆಚ್ಚಿದ್ದು ಯಾವ ಭಾಗ ಅಂತ ನೋಡಬೇಕು. ಆದ್ರ ಮೊದಲು ಎರಡು ದಿನ ಹೊಟ್ಟಿ ತುಂಬ ನೀರು ಕುಡದು ಮತ್ತ ಮಾಡಸ್ರಿ. ಇಳದು ಬಂದ್ರ ನಿಮಗ ಏನೂ ಇಲ್ಲ."

ರಾಯರು ಸಲೈನಿನ ಕೈಯಲ್ಲೇ ಎದ್ದು ಕೂತರು. "ಮೊಟ್ಟಿಗೂ ಇದಕ್ಕೂ ಸಂಬಂಧ ಇಲ್ಲ ಅಂದ್ರಿ? ಇದನ್ನ ನಿಮ್ಮ ಲೆಟರ್‌ಹೆಡ್ ಮ್ಯಾಲ ಬರದ ಕೊಡ್ರಿ! ಶಿಕ್ಕಾ ಹಾಕಿ ಕೊಡ್ರಿ! ಕೌಸ್ತುಭನ ಮುಖಕ್ಕ ಹಿಡೀತೇನಿ. ಮತ್ತ ಇದೂ ನೋಡ್ರಿ, ನನ್ನ ಸಾಕ್ಷಿ. ಒಂದ ಒಲಿ, ಒಂದ ಸಾರು, ನಮ್ಮ ಮನಿ ಶುದ್ಧತಾ ಎಂಥಾದ್ದು ಅಂತ" ಎನ್ನುತ್ತ ಚೀಲದಿಂದ ಲ್ಯಾಮಿನೇಷನ್ ಕಾಗದ ತೆಗೆದು ಚಾಚಿದರು.

ಡಾಕ್ಟರು ಸುಮ್ಮನೆ ಕೈಗೆ ತೆಗೆದುಕೊಂಡರು. ನಗು ಅಲ್ಲಿಗೇ ನಿಂತಿತು.

"ಇದು ಯಾರದ್ರಿ?"

"ನನ್ನ ಹೆಂಡತೀದು. ಎರಡು ಪಾಯಿಂಟ್ ಒಂದು."

"ಇವರೂ ನೀರು ಬಿಟ್ಟ ರಕ್ತ ಕೊಟ್ಟಾರ?"

"ಹೌದು ಮತ್ತ! ಇಬ್ಬರೂ ಕೂಡಿ."

"ಹಂಗಂದ್ರ ಖರೇ ಲೆಕ್ಕ ಇದರಕಿಂತಾ ಕಡಿಮಿ ಇರಬೇಕು" ಎಂದು ಡಾಕ್ಟರು ತಮಗೆ ತಾವೇ ಅಂದುಕೊಂಡರು. ಆಮೇಲೆ ದನಿ ಏರಿಸಿ, "ಕಡಿಮಿ ಅಂದ್ರ ಛಲೋ ಅಂತ ನಿಮಗ ಯಾರ ಹೇಳಿದ್ರು? ರಕ್ತದಾಗಿನ ನೀರನ್ನ ರಕ್ತದಾಗ ಹಿಡಿದು ಇಡೂದು ಇದು. ಇದು ಕಡಿಮಿ ಆದ್ರ ನೀರು ಸೋರಿ ಕಾಲಾಗ, ಮುಖದಾಗ, ಹೊಟ್ಟ್ಯಾಗ ನಿಲ್ತದ. ಲಿವರ್ ಕೆಟ್ರೂ ಕಡಿಮಿ ಆಗ್ತದ, ಕಿಡ್ನಿ ಸೋರಿದ್ರೂ ಆಗ್ತದ. ಈ ಕಾಗದ ಯಾರಿಗೂ ತೋರಸಿಲ್ಲೇನು?"

"ಊರಿಗೆಲ್ಲಾ ತೋರಸ್ಯಾರ್ರಿ" ಅಂದೆ ನಾನು. ತಡೆಯಲಾಗಲಿಲ್ಲ. "ಡಾಕ್ಟರೊಬ್ಬರ್ನ ಬಿಟ್ಟು ಎಲ್ಲಾರಿಗೂ ತೋರಸ್ಯಾರ. ಕಾಲು ಬಾತಾವ್ರಿ ಅವರ್ವು, ಮುಖ ಬಾತೈತಿ, ಮೂತ್ರ ನೊರಿ ಬರ್ತೈತಿ."

"ಎಲ್ಲಿದ್ದಾರ ಅವರು?"

ನಾನು ರಸ್ತೆಯ ಕಡೆ ಕೈ ತೋರಿಸಿದೆ. ವೈನಿ ಕಾರಿನಲ್ಲಿದ್ದರು. ರಾಯರು ಬಿದ್ದಾಗ ಇಳಿಯಲು ನೋಡಿ, ಕಾಲು ಎತ್ತಲಾಗದೆ, "ನೀವು ಹೋಗ್ರಿ, ಇವರನ್ನ ನೋಡ್ರಿ" ಎಂದು ಅಲ್ಲೇ ಕೂತಿದ್ದರು. ಆ ಬಿಸಿಲಿನಲ್ಲಿ, ಬಾಗಿಲು ತೆರೆದ ಕಾರಿನಲ್ಲಿ, ನೀರು ಕುಡಿಯದೆ.

ಡಾಕ್ಟರು ಪಾಳಿಯ ಮಂದಿಯನ್ನು ಬಿಟ್ಟು ಹೊರಗೆ ನಡೆದರು. ರಾಯರು ಸಲೈನಿನ ಬಾಟಲಿಯನ್ನು ಮಾಲತೇಶನ ಕೈಗೆ ಹಿಡಿಸಿಕೊಂಡು ಹಿಂದೆಯೇ ಬಂದರು. ಡಾಕ್ಟರು ಕಾರಿನ ಬಾಗಿಲಲ್ಲಿ ಕುಕ್ಕರುಗಾಲಲ್ಲಿ ಕೂತು, "ಅವ್ವಾರ, ಚಪ್ಪಲ್ ತಗೀತೇನಿ" ಎಂದು ವೈನಿಯ ಕಾಲಿನಿಂದ ಚಪ್ಪಲಿ ಕಳಚಿದರು. ಮೊಳಕಾಲಿನ ಕೆಳಗೆ ಹೆಬ್ಬೆರಳು ಒತ್ತಿ ತೆಗೆದರು. ಒತ್ತಿದ ಜಾಗದಲ್ಲಿ ಕುಣಿ ಬಿದ್ದು ಹಾಗೇ ಉಳಿಯಿತು.

ರಾಯರು ನೋಡುತ್ತಿದ್ದದ್ದು ಕೆಳಗೆ ಬಿದ್ದ ಚಪ್ಪಲಿಯನ್ನು. "ಇವು ನನ್ನ ಚಪ್ಪಲ್ ಅಲ್ಲೇನ?"

"ನನ್ನವು ಹಿಡಸಲಿಲ್ಲರಿ" ಅಂದರು ವೈನಿ ಮೆಲ್ಲಗೆ, ತಪ್ಪು ಮಾಡಿದವರ ಹಾಗೆ. ಆಮೇಲೆ ಡಾಕ್ಟರ ಕಡೆ ತಿರುಗಿ, "ಇವರದು ಏನಾತ್ರಿ? ಇವರಿಗೆ ಏನೂ ಇಲ್ಲ ಹೌದಲ್ರಿ?" ಎಂದು ಕೇಳಿದರು.

"ಇವರಿಗೆ ಏನೂ ಇಲ್ಲ ಅಂತ ಕಾಣಸ್ತದ. ನೀರು ಕುಡದ್ರ ಸಾಕು."

"ಪುಣ್ಯಾ ಬಂತು. ಹಂಗಾದ್ರ ಮನೀಗೆ ಹೋಗೋಣ" ಅಂದರು ವೈನಿ. ಆ ಹೊತ್ತಿಗೆ ನನಗೆ ಅಳು ಬಂದು, ಅಳುತ್ತಲೇ ರಾಯರನ್ನು ಬಾಯಿಗೆ ಬಂದ ಹಾಗೆ ಬೈದೆ. ಏನು ಬೈದೆನೋ ನೆನಪಿಲ್ಲ. ಮಾಲತೇಶ ಸಹ ತಡೆಯಲಿಲ್ಲ.

ರಾಯರು ಡಾಕ್ಟರ ಕೈಯಿಂದ ಆ ಕಾಗದ ಇಸಿದುಕೊಂಡು ಮೇಲಿನಿಂದ ಕೆಳಗಿನವರೆಗೆ ಓದಿದರು, ಹೆಸರು, ವಯಸ್ಸು, ಎಲ್ಲ. "ಇದನ್ನ ಇಷ್ಟು ಮಂದೀಗೆ ತೋರಸೇನಿ" ಅಂದರು. "ನಾ ಒಮ್ಮೆನೂ ಓದಿಲ್ಲ." ಅಂದವರು ರಸ್ತೆಯ ಧೂಳಿನಲ್ಲೇ ಕೂತು, ಸಲೈನಿನ ಸೂಜಿ ಚುಚ್ಚಿದ ಕೈಯಿಂದ ಹೆಂಡತಿಯ ಕಾಲಿಗೆ ತಮ್ಮ ಚಪ್ಪಲಿ ತೊಡಿಸಿದರು.

ಹುಬ್ಬಳ್ಳಿಯ ದೊಡ್ಡ ದವಾಖಾನೆಯಲ್ಲಿ ವೈನಿ ಮೂರು ವಾರ ಇದ್ದರು. ಕಿಡ್ನಿಯ ಜಡ್ಡು. ಮೂತ್ರದಲ್ಲಿ ಪ್ರೋಟೀನು ಸೋರಿಹೋಗುತ್ತಿತ್ತು. ಕಾಲುಂಗುರವನ್ನು ಕತ್ತರಿಸಿ ತೆಗೆಯಬೇಕಾಯಿತು. ಪೂರ್ತಿ ವಾಸಿ ಆಗುತ್ತದೆಂದು ಡಾಕ್ಟರು ಮಾತು ಕೊಟ್ಟಿಲ್ಲ. ಇನ್ನೂ ತಡ ಮಾಡಿದ್ದರೆ ಕೊಡುವುದಕ್ಕೆ ಮಾತೇ ಇರುತ್ತಿರಲಿಲ್ಲ ಅಂದಿದ್ದಾರೆ. ಗುಳಿಗೆ ವರ್ಷಗಟ್ಟಲೆ ನುಂಗಬೇಕು, ಉಪವಾಸ ಮಾತ್ರ ಕೂಡದು. ಅಲ್ಲಿದ್ದಾಗಲೇ ಏಕಾದಶಿ ಬಂತು. ವೈನಿ ತುಟಿ ಬಿಗಿದು ಕೂತರು. ರಾಯರು ತಾವೇ ಗಂಜಿ ತಂದು, ಮೊದಲ ಚಮಚ ತಮ್ಮ ಬಾಯಿಗೆ ಹಾಕಿಕೊಂಡು, ಎರಡನೆಯದು ಹೆಂಡತಿಯ ಬಾಯಿಗಿಟ್ಟರು. ನಾನು ಬಾಗಿಲಲ್ಲಿದ್ದೆ, ಒಳಗೆ ಹೋಗಲಿಲ್ಲ.

ರಾಯರ ರಕ್ತವೇ? ನೀರು ಕುಡಿದ ಮೇಲೆ 7.2. ಸಮಿತಿಯ ಗುಂಪಿಗೆ ಹಾಕಲಿಲ್ಲ. ಕೌಸ್ತುಭ ಅಧ್ಯಕ್ಷನಾದ.

ಮೊನ್ನೆ ರಾಯರು ಬಂದು ನನ್ನನ್ನು ಕರೆದರು. ವೈನಿಯ ಕಾಲು ಇಳಿದಿವೆ, ಹೊಸ ಚಪ್ಪಲಿ ಕೊಳ್ಳಬೇಕು, ಆದರೆ ನಂಬರು ಎಷ್ಟೋ ಗೊತ್ತಿಲ್ಲ. ಇಷ್ಟು ವರ್ಷ ಸಂಸಾರ ಮಾಡಿದ ಮನುಷ್ಯ! ಬೈಯಬೇಕೆನಿಸಿತು, ಮುಖ ನೋಡಿ ಬಿಟ್ಟೆ. ಬಸ್‌ಸ್ಟ್ಯಾಂಡಿನ ಹತ್ತಿರದ ಅಂಗಡಿಗೆ ಕರೆದುಕೊಂಡು ಹೋಗಿ, ಮೆತ್ತನೆಯದೊಂದು ಜೋಡಿ ಆರಿಸಿಕೊಟ್ಟೆ.

ಹೊರಗೆ ಬರುವಾಗ ರಫೀಕ ಗಾಡಿ ಬಿಟ್ಟು ಓಡಿ ಬಂದ. ಪಾಪ, ಅವನಿಗೆ ರಾಯರ ಮೇಲೆ ನಿಜವಾದ ಮರ್ಯಾದೆ.

"ಸಾಹೇಬ್ರ, ಮಂದಿ ಈಗ ಬ್ಯಾರೇನ ಅನ್ನಾಕತ್ತಾರ್ರಿ. ನಿಮಗ ಪ್ರೋಟೀನು ಹೆಚ್ಚಾಗಿತ್ತು, ನಿಮ್ಮ ಮನಿಯವರಿಗೆ ಕಡಿಮಿ ಆಗಿತ್ತು ಅಂದಮ್ಯಾಗ, ಮನಿಯೊಳಗಿಂದು ಎಲ್ಲಾ ನೀವ ಒಬ್ರ ತಿಂದು ಅವರಿಗೆ ಏನೂ ಉಳಸಲಿಲ್ಲ ಅಂತ ಹೇಳಾಕತ್ತಾರ. ಸುಳ್ಳ ಐತಿ ಅಂತ ಇನ್ನೊಂದು ಅಫಿಡವಿಟ್ ಬರದ ಕೊಡ್ಲೇನ್ರಿ?"

ರಾಯರು ಚಪ್ಪಲಿಯ ಚೀಲವನ್ನು ಈ ಕೈಯಿಂದ ಆ ಕೈಗೆ ಬದಲಿಸಿಕೊಂಡರು.

"ಬ್ಯಾಡ ರಫೀಕ" ಅಂದರು. "ಈ ಸಲ ಮಂದಿ ಖರೇನ ಹೇಳ್ಲಿಕ್ಕತ್ತಾರ."